ಒಂದು ನ್ಯಾನೊಸೆಕೆಂಡಿನ ಭೂತ ಕೊನೆಗೂ ಸಿಕ್ಕಿಬಿತ್ತು

ಫಿಟ್ ಸರಿಹೋಯ್ತು! ಪ್ರೋಟಾನುಗಳನ್ನು ಡಿಕ್ಕಿ ಹೊಡೆಸುವ ಎಲ್‌ಎಚ್‌ಸಿ ಯಂತ್ರದ ಸಿಎಂಎಸ್ ಡಿಟೆಕ್ಟರಿನಲ್ಲಿ, ಕಣ ಬಡಿದರೆ ಬೆಳಕು ಚಿಮ್ಮಿಸುವ ಲೆಡ್ ಟಂಗ್‌ಸ್ಟೇಟ್ ಹರಳುಗಳು 75,848 ಇವೆ. ಅವುಗಳಲ್ಲೊಂದರ ಸಿಗ್ನಲ್ಲನ್ನು ಮನೆಯ ಕಂಪ್ಯೂಟರಿನಲ್ಲಿ ಹುಟ್ಟಿಸಿ, ಸಿಎಂಎಸ್ ತಂಡದ್ದೇ ಮಲ್ಟಿಫಿಟ್ ವಿಧಾನದಲ್ಲಿ ಒಂದೊಂದು ಡಿಕ್ಕಿಯ ಪಲ್ಸ್ ಆಗಿ ಬಿಡಿಸುತ್ತಿದ್ದೇನೆ, ಅದರ ಫಿಟ್ ಇದು. ಪಲ್ಸ್ ಜನರೇಟರ್, ನಾಯ್ಸ್, ಎನ್‌ಎನ್‌ಎಲ್‌ಎಸ್ (ಉತ್ತರ ಸೊನ್ನೆಗಿಂತ ಕೆಳಗಿಳಿಯದಂತೆ ಫಿಟ್ ಮಾಡುವ ಲೆಕ್ಕ) ಎಲ್ಲ ಮಾಮೂಲು. ತಲೆ ತಿಂದದ್ದು ಟೆಂಪ್ಲೇಟಿನ, ಅಂದರೆ ಫಿಟ್ ಬಳಸುವ ಪಲ್ಸಿನ ಅಚ್ಚಿನ, ಟೈಮಿಂಗ್.

ಡಿಕ್ಕಿ 25 ನ್ಯಾನೊಸೆಕೆಂಡಿಗೊಮ್ಮೆ. ಹರಳಿನ ಬೆಳಕು ಶೇ 80ರಷ್ಟು ಅಷ್ಟರೊಳಗೇ ಬಂದುಬಿಡುತ್ತದೆ. ಎಲೆಕ್ಟ್ರಾನಿಕ್ಸ್ ಅದನ್ನು ಎಳೆದು ಉದ್ದ ಮಾಡುವುದರಿಂದ ಅಕ್ಕಪಕ್ಕದ ಡಿಕ್ಕಿಗಳ ಪಲ್ಸ್‌ಗಳು ಒಂದರ ಮೇಲೊಂದು ಕೂರುತ್ತವೆ.

ಈಗ 50 ಜಿಇವಿಯ (ಜಿಇವಿ ಅಂದರೆ ಕಣಗಳ ಶಕ್ತಿಯ ಅಳತೆ) ಒಂದೇ ಪಲ್ಸ್ ಹಾಕಿ, ಟೆಂಪ್ಲೇಟಿಗಿಂತ 1 ನ್ಯಾನೊಸೆಕೆಂಡ್ ಮುಂಚೆ ಬರಲಿ. ಫಿಟ್ 48ರ ಆಸುಪಾಸು ಕೊಟ್ಟು, ಮಿಕ್ಕ 2 ಜಿಇವಿಯನ್ನು ಹಿಂದಿನ ಡಿಕ್ಕಿಯ ಖಾತೆಗೆ ಬರೆಯುತ್ತದೆ. ಅಲ್ಲಿ ಏನೂ ನಡೆದೇ ಇಲ್ಲ, ಅದೇ ಭೂತ! 25ರಲ್ಲಿ 1 ಅಂದರೆ ಶೇ 4, ಸರಿಸುಮಾರು ಅಷ್ಟೇ ಸೋರಿಕೆ. ತಡವಾಗಿ ಬಂದರೆ ಭೂತ ಮುಂದಿನ ಡಿಕ್ಕಿಯಲ್ಲಿ ಏಳುತ್ತದೆ.

ಟೆಂಪ್ಲೇಟಿನ ಡೆರಿವೇಟಿವನ್ನು (ಸಮಯದೊಂದಿಗೆ ಅದು ಬದಲಾಗುವ ದರ) ಫಿಟ್ಟಿಗೆ ಇನ್ನೊಂದು ಕಾಲಂ, ಅಂದರೆ ಇನ್ನೊಂದು ಅಜ್ಞಾತ, ಮಾಡಿ ಸೇರಿಸೋಣವೆಂದರೆ ಇರುವುದೇ ಹತ್ತು ಸ್ಯಾಂಪಲ್, ಪಲ್ಸ್‌ಗಳೂ ಹತ್ತು. ಹನ್ನೊಂದನೆಯದಕ್ಕೆ ಜಾಗವೆಲ್ಲಿ? ದಾರಿ ಸಿಕ್ಕಿದ್ದು ಕೋವೇರಿಯನ್ಸ್ ಮ್ಯಾಟ್ರಿಕ್ಸಿನಲ್ಲಿ, ಅಂದರೆ ಸ್ಯಾಂಪಲ್ಲುಗಳ ನಾಯ್ಸ್ ಎಷ್ಟು, ಹೇಗೆ ಒಟ್ಟಿಗೆ ಏರಿಳಿಯುತ್ತದೆ ಎಂಬ ಕೋಷ್ಟಕದಲ್ಲಿ. ಟೈಮಿಂಗಿನ ಅನಿಶ್ಚಿತತೆಯ ವರ್ಗ, ಆಂಪ್ಲಿಟ್ಯೂಡಿನ (ಪಲ್ಸಿನ ಎತ್ತರದ) ವರ್ಗ, ಡೆರಿವೇಟಿವಿನ ಔಟರ್ ಪ್ರಾಡಕ್ಟ್ (ಅದನ್ನು ಅದರಿಂದಲೇ ಗುಣಿಸಿದ ಕೋಷ್ಟಕ): ಈ ಮೂರರ ಗುಣಲಬ್ಧವನ್ನು ನಾಯ್ಸ್ ಮ್ಯಾಟ್ರಿಕ್ಸಿಗೆ ಕೂಡಿಸಿದೆ. ಆಂಪ್ಲಿಟ್ಯೂಡ್ ಮೊದಲೇ ಗೊತ್ತಿರುವುದಿಲ್ಲವಲ್ಲ, ಹಾಗಾಗಿ ಒಮ್ಮೆ ಫಿಟ್ ಮಾಡಿ, ಮ್ಯಾಟ್ರಿಕ್ಸ್ ತಿದ್ದಿ, ಮತ್ತೆ ಫಿಟ್. ಹೊಸ ಅಜ್ಞಾತ ಒಂದೂ ಇಲ್ಲ, ಭೂತ ನಾಯ್ಸಿನ ಮಟ್ಟಕ್ಕೆ ಇಳಿಯಿತು. ಆ ಪ್ಲಾಟ್ ನೋಡಿ ಕುಣಿಯುವಷ್ಟು ಖುಷಿಯಾಯಿತು.

ಈ ನಡುವೆ ಬೋರ್ಡಿನ ಗೋಳು. ಆರ್ಡರ್ ಮಾಡಿದ್ದು 12 ಬಿಟ್ ಎಡಿಸಿ (ಸಿಗ್ನಲ್ಲನ್ನು ಅಂಕಿಗಳಾಗಿಸುವ ಭಾಗ), ಡಬ್ಬಿಯಲ್ಲಿ ಬಂದದ್ದು 8 ಬಿಟ್. ಮಾರಿದವರಿಗೆ ಫೋನ್ ಮಾಡಿದರೆ "ಎರಡೂ ಒಂದೇ ಸಾರ್, ಕೆಲಸ ಮಾಡುತ್ತೆ" ಅಂತಾರೆ. 4096 ಮೆಟ್ಟಿಲೂ 256 ಮೆಟ್ಟಿಲೂ ಒಂದೇನಾ? ಅದು ಬೇಕಿದ್ದದ್ದು ಮುಂದಿನ ಪ್ರಾಜೆಕ್ಟಿಗೆ: ಕಣ ಹಾದರೆ ಮಿನುಗುವ ಪ್ಲಾಸ್ಟಿಕ್ ಸಿಂಟಿಲೇಟರಿನ ಹಲಗೆ, ಅದಕ್ಕೊಂದು ಎಸ್‌ಐಪಿಎಂ (ಸಣ್ಣ ಬೆಳಕನ್ನೂ ಹಿಡಿಯುವ ಸೆನ್ಸರ್), ಆಕಾಶದಿಂದ ಬೀಳುವ ಮ್ಯುಆನ್ ಕಣ ಹಿಡಿಯುವುದು. ಸಮುದ್ರಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಬೀಳುತ್ತದೆ, ಪುಕ್ಕಟೆ! ನಿಜವಾದ ಪಲ್ಸ್ ಮೇಲೆ ಇದೇ ಫಿಟ್ ಓಡಿಸುವ ಆಸೆ.

ಆದರೆ ಭೂತದ ಜೊತೆ ಅಸಲಿಯೂ ಹೋಗುತ್ತಿದೆ. ದೊಡ್ಡ ಪಲ್ಸಿನ ಹಿಂದಿನ ಡಿಕ್ಕಿಯಲ್ಲಿ ನಿಜಕ್ಕೂ 1 ಜಿಇವಿ ಬಂದಿದ್ದರೆ ಫಿಟ್ ಅದನ್ನು ಟೈಮಿಂಗ್ ವ್ಯತ್ಯಾಸವೆಂದು ನುಂಗುತ್ತದೆ. ಟೈಮಿಂಗ್ ಸಿಗ್ಮಾ (ಆ ಅನಿಶ್ಚಿತತೆ) 1ರಿಂದ 0.3 ನ್ಯಾನೊಸೆಕೆಂಡಿಗೆ ಇಳಿಸಿ ನೋಡುತ್ತಿದ್ದೇನೆ, ಸ್ಕ್ಯಾನ್ ಓಡುತ್ತಿದೆ.