ನಕ್ಸೋಸ್‌ಗೆ ಹೊರಡುವ ಮುನ್ನ

ಗ್ರೀಸಿನ ನಕ್ಸೋಸ್ ದ್ವೀಪದ ಪ್ರವಾಸದ ಲೆಕ್ಕ ತಪ್ಪುವುದು ಹೆಚ್ಚಾಗಿ ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಲ್ಲೇ. ದೊಡ್ಡ ಹಡಗು ಬೆಳಿಗ್ಗೆ ಏಳೂವರೆಯ ಆಸುಪಾಸಿಗೆ ಬಿಡುತ್ತದೆ. ವಿಮಾನ ನಿಲ್ದಾಣದಿಂದ ಮೊದಲ ಮೆಟ್ರೊ ಹೊರಡುವುದೇ ಆರು ದಾಟಿದ ಮೇಲೆ, ಬಂದರಿಗೆ ಸುಮಾರು ಒಂದು ಗಂಟೆ ದಾರಿ. ಗೇಟು ಹುಡುಕಿ ಓಡುವಷ್ಟರಲ್ಲಿ ಹಡಗು ಹೋಗಿರುತ್ತದೆ. ರಾತ್ರಿ ಬಂದಿಳಿದವರು ಹಗಲು ರಾತ್ರಿ ಓಡುವ ಎಕ್ಸ್96 ಬಸ್ ಹಿಡಿದು ಪಿರೇಯಸ್‌ನಲ್ಲೇ ಮಲಗುವುದು ಕ್ಷೇಮ.

ದೊಡ್ಡ ಹಡಗಿಗೆ ಐದು–ಐದೂವರೆ ಗಂಟೆ. ವೇಗದ ಹಡಗು ಒಂದೂವರೆ ಗಂಟೆ ಉಳಿಸುತ್ತದೆ, ದುಡ್ಡು ಜಾಸ್ತಿ. ಜುಲೈ–ಆಗಸ್ಟ್‌ನಲ್ಲಿ ಉತ್ತರದಿಂದ ಬೀಸುವ ಮೆಲ್ತೆಮಿ ಗಾಳಿ ಜೋರಾದರೆ ಮೊದಲು ನಿಲ್ಲುವುದೂ ಈ ವೇಗದ ಹಡಗೇ, ಹೊಟ್ಟೆ ತೊಳಸುವುದೂ ಇದರಲ್ಲೇ. ಹಡಗು ರದ್ದಾದರೆ ಟಿಕೆಟ್ ಹಣ ವಾಪಸ್ ಬರುತ್ತದೆ, ತಪ್ಪಿದ ವಿಮಾನದ್ದು ಬರುವುದಿಲ್ಲ. ಊರಿಗೆ ಮರಳುವ ಹಿಂದಿನ ರಾತ್ರಿ ಅಥೆನ್ಸ್‌ನಲ್ಲಿರಿ. ಜೂನ್, ಸೆಪ್ಟೆಂಬರ್ ಹಿತ.

ದ್ವೀಪದ ಮುಖ್ಯ ಪಟ್ಟಣ ಖೋರಾದ ಬಂದರಿನ ಪಕ್ಕದ ಗುಡ್ಡೆಯ ಮೇಲೆ ನಿಂತಿರುವ ಪೋರ್ತಾರಾ ಬರೀ ಬಾಗಿಲ ಚೌಕಟ್ಟು. ಕ್ರಿ.ಪೂ. 530ರ ಸುಮಾರಿಗೆ ಆಗ ನಕ್ಸೋಸ್ ಆಳುತ್ತಿದ್ದ ಲಿಗ್ದಾಮಿಸ್ ಶುರುಮಾಡಿಸಿ ಅರ್ಧಕ್ಕೇ ನಿಂತ ದೇವಾಲಯದ್ದು. ಎತ್ತರ ಆರು ಮೀಟರ್ ಹತ್ತಿರ. ಉಳಿದ ಕಲ್ಲನ್ನೆಲ್ಲ ಮುಂದಿನವರು ತಮ್ಮ ಕಟ್ಟಡಗಳಿಗೆ ಹೊತ್ತರು. 1207ರಲ್ಲಿ ಬಂದ ವೆನಿಸ್‌ನವರ ಕೋಟೆ 'ಕಾಸ್ತ್ರೊ'ದ ಗೋಡೆಗಳಲ್ಲಿ ಆ ಅಮೃತಶಿಲೆಯ ತುಂಡುಗಳಿವೆ. ಚೌಕಟ್ಟು ಮಾತ್ರ ಮಣಭಾರ, ಅದಕ್ಕೇ ಉಳಿಯಿತು. ಹತ್ತಿರ ಹೋದರೆ ಕಲ್ಲಿನ ಮೈಮೇಲೆ ಗುಬುಟುಗಳು ಕಾಣುತ್ತವೆ. ಕಲ್ಲನ್ನು ಎತ್ತಲು ಹಿಡಿಯಾಗಲೆಂದು ಅವನ್ನು ಉಳಿಸಿದ್ದರು, ಕೊನೆಗೆ ಕೆತ್ತಿ ತೆಗೆಯಬೇಕಿತ್ತು. ಕೆಲಸ ಅಲ್ಲಿಗೇ ನಿಂತಿತು. ಸಂಜೆ ಎಲ್ಲರೂ ಅಲ್ಲಿಗೇ ನುಗ್ಗುತ್ತಾರೆ, ಬೆಳಿಗ್ಗೆ ಹೋದರೆ ನಿಮ್ಮದೇ ರಾಜ್ಯ. ಗಾಳಿಯ ದಿನ ದಾರಿಯ ಮೇಲೆ ಅಲೆ ಎರಚುತ್ತದೆ, ಫೋನ್ ಜೋಪಾನ.

ಅಪೋಲೊನಾಸ್ ಊರಿನ ಗಣಿಯಲ್ಲಿ ಹತ್ತು ಮೀಟರಿಗೂ ಉದ್ದದ ಗಡ್ಡದ ವಿಗ್ರಹ ಬಿರುಕುಬಿಟ್ಟು ಅಂಗಾತ ಮಲಗಿದೆ. ಕೆತ್ತಿದವರು ಕೈಬಿಟ್ಟು ಎರಡೂವರೆ ಸಾವಿರ ವರ್ಷ ದಾಟಿತು. ಬಸ್ಸುಗಳು ಕಡಿಮೆ; ಟಿಕೆಟನ್ನು ಹತ್ತುವ ಮೊದಲೇ ಕೊಳ್ಳಬೇಕು. ಕಾರು ಬಾಡಿಗೆಗೆ ಬೇಕಿದ್ದರೆ ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿ ಮೊದಲೇ ಮಾಡಿಸಿಕೊಳ್ಳಿ. ರಸ್ತೆ ಉದ್ದಕ್ಕೂ ತಿರುವು, ವಾಂತಿ ಬರುವವರು ಮುಂದೆ ಕೂರಿ.

ಝಾಸ್ ಬೆಟ್ಟ 1,004 ಮೀಟರ್, ನಕ್ಸೋಸ್ ಸೇರಿದ ಸಿಕ್ಲಾಡಿಸ್ ದ್ವೀಪಸಮೂಹದಲ್ಲೇ ಎತ್ತರದ್ದು. ಅರಿಯಾ ಚಿಲುಮೆಯಲ್ಲಿ ಬಾಟಲಿ ತುಂಬಿಕೊಂಡು ಗುಹೆಯ ದಾರಿಯಲ್ಲಿ ಹತ್ತಿ, ಅಗಿಯಾ ಮರೀನಾ ಎಂಬ ಪುಟ್ಟ ಚರ್ಚಿನ ಕಡೆಗೆ ಇಳಿಯಿರಿ. ಗುಹೆಯ ಮೇಲಿನ ಸಡಿಲ ಕಲ್ಲಿನಲ್ಲಿ ಹತ್ತಬಹುದು, ಇಳಿಯುವಾಗ ಕಾಲು ಜಾರುತ್ತದೆ. ನೆರಳು ಅಷ್ಟಕ್ಕಷ್ಟೇ, ತಲಾ ಎರಡು ಲೀಟರ್ ನೀರಿರಲಿ.

ಸಸ್ಯಾಹಾರಿಗಳಿಗೆ ಇಲ್ಲಿ ತೊಂದರೆಯಿಲ್ಲ: ಹೆಸರುವಾಸಿ ಆಲೂಗಡ್ಡೆ, ಟೊಮೇಟೊ ಸಾರಿನಲ್ಲಿ ಬೇಯಿಸಿದ ದಪ್ಪ ಬಿಳಿ ಕಾಳು 'ಗಿಗಾಂತೆಸ್', ಬೇಳೆಯ 'ಫಾವಾ'. ಟೊಮೇಟೊದೊಳಗೆ ಅನ್ನ ತುಂಬಿದ 'ಗೆಮಿಸ್ತಾ'ದಲ್ಲಿ ಕೆಲವೆಡೆ ಕೈಮಾ ಇರುತ್ತದೆ, ಕೇಳಿಯೇ ತಿನ್ನಿ. 'ನಿಸ್ತಿಸಿಮೊ' ಅಂದರೆ ಉಪವಾಸದ ಅಡುಗೆ. ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆದರೆ ಅವರ ಉಪವಾಸಕ್ಕೆ ಸಿಗಡಿ, ಆಕ್ಟೋಪಸ್ ನಡೆಯುತ್ತದೆ.