ಗೋವಾಕ್ಕೆ ಓಡೋ ಮೊದ್ಲು ಕಾರವಾರದಲ್ಲಿ ಎರಡು ರಾತ್ರಿ ಉಳ್ಕೊಳ್ಳಿ: ವಯಸ್ಸಾದ ಆಯಿ, ಇಬ್ಬರು ಮಕ್ಕಳನ್ನ ಕಟ್ಕೊಂಡು ಬಸ್ಸಲ್ಲಿ ಹೋಗಿ ಬಂದ ಅನುಭವ

ನಾವು ಶಿರಸಿಯವರು. ಕಾರವಾರ ನಮ್ದೇ ಜಿಲ್ಲಾ ಕೇಂದ್ರ, ಆದ್ರೂ ಇಷ್ಟು ವರ್ಷ ಅಲ್ಲಿಗೆ ಹೋಗಿದ್ದು ಅಂದ್ರೆ ಡಿಸಿ ಆಫೀಸಿನ ಕೆಲಸಕ್ಕೆ, ಇಲ್ಲಾಂದ್ರೆ ಗೋವಾಕ್ಕೆ ಹೋಗೋವಾಗ ಬಸ್ಸಿನ ಕಿಟಕಿಯಿಂದ ನೋಡಿದ್ದು ಅಷ್ಟೇ. ಈ ಸಲ ಸಂಕ್ರಾಂತಿ ಕಳೆದ ಮೇಲೆ ಶನಿವಾರ, ಭಾನುವಾರ, ಸೋಮವಾರ ಮೂರು ದಿನ ಸಿಕ್ತು. ನಾನು, ನನ್ನ ಮಗಳು, ಅರವತ್ತೆಂಟು ವರ್ಷದ ನನ್ನ ಆಯಿ (ಅಮ್ಮ), ಜೊತೆಗೆ ಹುಬ್ಬಳ್ಳಿಯಿಂದ ನನ್ನ ಕಾಲೇಜ್ ಗೆಳತಿ ಮತ್ತೆ ಅವಳ ಹತ್ತು ವರ್ಷದ ಮಗ. ಆಯಿಗೆ ಮೊಣಕಾಲು ನೋವು, ಕಾರು ಇಲ್ಲ, ನಮ್ಮನೇಲಿ ಮೀನು ತಿನ್ನಲ್ಲ, ಗೆಳತಿಗೆ ಮೀನಿಲ್ಲದೆ ಊಟ ಸೇರಲ್ಲ. ನಿಮ್ಮನೇಲೂ ಹೀಗೇ ಇದ್ರೆ ಈ ಬರಹ ಖಂಡಿತ ಉಪಯೋಗಕ್ಕೆ ಬರ್ತದೆ ಅಂತ ಬರೀತಿದೀನಿ.

ಗೆಳತಿ ಮೊದಲು ಕಳಿಸಿದ ಲಿಸ್ಟಲ್ಲಿ ಮುರ್ಡೇಶ್ವರ, ಯಾಣ, ಮಿರ್ಜಾನ್ ಕೋಟೆ, ಗೋಕರ್ಣ, ಕಾರವಾರ, ಗೋವಾದ ಪಾಲೊಲೆಮ್ ಎಲ್ಲಾ ಇತ್ತು, ಅದೂ ಮೂರು ದಿನಕ್ಕೆ. ನಾನು ಕೂತು ಹೆಚ್ಚುಕಮ್ಮಿ ಎಲ್ಲಾ ಹೊಡೆದು ಹಾಕ್ದೆ. ಕಾರವಾರದಿಂದ ಮುರ್ಡೇಶ್ವರಕ್ಕೇ ನೂರು ಕಿಲೋಮೀಟರ್ ಮೇಲಾಗ್ತದೆ, ಯಾಣಕ್ಕೆ ಹೋದ್ರೆ ನಡೆಯೋದು, ಹತ್ತೋದು ಎಲ್ಲಾ ಇದೆ, ಅದಕ್ಕೇ ಒಂದು ದಿನ ಬೇಕು. ಮೊಣಕಾಲು ನೋವಿರೋರನ್ನ ಕರ್ಕೊಂಡು ದಿನಾ ಒಂದೊಂದು ಊರಲ್ಲಿ ಲಗೇಜ್ ಇಳಿಸಿ ಏರಿಸಿ ಮಾಡೋದಕ್ಕಿಂತ ಒಂದೇ ಕಡೆ ಎರಡು ರಾತ್ರಿ ಉಳಿಯೋದೇ ಸರಿ ಅಂತ ನಿರ್ಧಾರ ಮಾಡಿದ್ವಿ. ವಾಪಸ್ ಬರೋವಾಗ ದಾರೀಲೇ ಸಿಗೋ ಗೋಕರ್ಣ ಒಂದನ್ನ ಮಾತ್ರ ಉಳಿಸ್ಕೊಂಡ್ವಿ.

ಹೋಗೋದು ಹೇಗೆ ಅಂದ್ರೆ, ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ಅಂಕೋಲಾ, ಕಾರವಾರ. ನೂರಿಪ್ಪತ್ತು ಕಿಲೋಮೀಟರ್ ಹತ್ರ ಆಗ್ತದೆ, ನಮಗೆ ಕುಮಟಾದಲ್ಲಿ ಬಸ್ ಬದಲಿಸಿ ನಾಲ್ಕು ತಾಸು ಹಿಡೀತು. ಘಟ್ಟದ ರಸ್ತೆ ಅಗಲ ಮಾಡೋ ಕೆಲಸ ವರ್ಷಗಟ್ಟಲೆ ನಡೀತಾನೇ ಇದೆ, ಮಧ್ಯೆಮಧ್ಯೆ ಬಂದ್ ಮಾಡಿದ್ದೂ ಉಂಟು, ಹಾಗಾಗಿ ಹೊರಡೋ ಹಿಂದಿನ ದಿನ ಡಿಪೋಕ್ಕೆ ಫೋನ್ ಮಾಡಿ ಬಸ್ ಯಾವ ದಾರೀಲಿ ಹೋಗ್ತದೆ ಅಂತ ಕೇಳ್ಕೊಳ್ಳಿ. ತಿರುವು ಜಾಸ್ತಿ, ಮಕ್ಕಳಿಗೆ ಹೊಟ್ಟೆ ತುಂಬಾ ದೋಸೆ ತಿನ್ನಿಸಿ ಹತ್ತಿಸ್ಬೇಡಿ. ಗೆಳತಿ ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲು ಘಟ್ಟದ ಮೇಲೆ ನೇರ ಬಸ್ಸಲ್ಲೇ ಬಂದ್ಲು. ಶಕ್ತಿ ಯೋಜನೆ ಇರೋದ್ರಿಂದ ನಮ್ಮ ಸಾರಿಗೆ ಬಸ್ಸಲ್ಲಿ ಹೆಂಗಸರು, ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಅವಳ ಮಗನಿಗೆ ಮಾತ್ರ ಅರ್ಧ ಟಿಕೆಟ್. ಮಗಳ ಆಧಾರ್ ಕಾರ್ಡೂ ಇಟ್ಕೊಳ್ಳಿ, ಕಂಡಕ್ಟರ್ ಕೇಳ್ತಾರೆ. ಗೋವಾ ಗಡಿ ದಾಟೋ ಬಸ್ಸಿಗೆ ಮಾತ್ರ ಇದು ನಡೆಯಲ್ಲ. ಬೆಂಗಳೂರಿನವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಅನುಕೂಲ, ಸಂಜೆ ಹತ್ತಿದ್ರೆ ಬೆಳಿಗ್ಗೆ ಕಾರವಾರ. ಆದ್ರೆ ಸ್ಟೇಷನ್ ಇರೋದು ಶಿರವಾಡದಲ್ಲಿ, ಊರೊಳಗಲ್ಲ, ಅಲ್ಲಿಂದ ಆಟೋ ಬೇಕಾಗ್ತದೆ.

ಲಾಡ್ಜ್ ವಿಷಯದಲ್ಲಿ ನಾನು ತಪ್ಪು ಮಾಡ್ದೆ. ಆನ್‌ಲೈನಲ್ಲಿ ಫೋಟೋ ನೋಡಿ, ಸಮುದ್ರಕ್ಕೆ ಹತ್ರ ಅಂತ ಬರೆದಿದ್ದು ನೋಡಿ ಬುಕ್ ಮಾಡ್ಬಿಟ್ಟೆ. ಹತ್ರ ಏನೋ ಹತ್ರಾನೇ, ಆದ್ರೆ ಕಿಟಕಿ ತೆಗೆದ್ರೆ ಹೈವೇ, ರಾತ್ರಿಯಿಡೀ ಲಾರಿ ಸದ್ದು, ಅದಕ್ಕಿಂತ ದೊಡ್ಡ ಕಷ್ಟ ಅಂದ್ರೆ ರೂಮು ಮೂರನೇ ಮಾಳಿಗೇಲಿ, ಲಿಫ್ಟ್ ಕೆಟ್ಟಿತ್ತು. ಆಯಿ ಒಂದೊಂದೇ ಮೆಟ್ಟಿಲು ಹಿಡಿದು ಹತ್ತೋದನ್ನ ನೋಡಿ ನಂಗೆ ಅಳು ಬಂದ್ಹಂಗಾಯ್ತು. ರಿಸೆಪ್ಷನ್ನಲ್ಲಿ ಅರ್ಧ ತಾಸು ಮಾತಾಡಿದ ಮೇಲೆ ಕೆಳಗಡೆ ಒಂದು ಸಣ್ಣ ರೂಮು ಕೊಟ್ರು. ದಯವಿಟ್ಟು ಬುಕ್ ಮಾಡಿದ ಮೇಲೂ ಒಂದ್ಸಲ ಫೋನ್ ಮಾಡಿ, ಲಿಫ್ಟ್ ಈಗ ನಡೀತಿದ್ಯಾ, ಕೆಳಗಿನ ರೂಮು ಸಿಗ್ತದಾ, ಬಿಸಿನೀರು ಎಷ್ಟೊತ್ತಿಗೆ ಬರ್ತದೆ, ಮೂರನ್ನೂ ಬಾಯಿಬಿಟ್ಟು ಕೇಳಿ.

ಸಂಜೆ ನಾಲ್ಕೂವರೆಗೆ ಟ್ಯಾಗೋರ್ ಬೀಚಿಗೆ ಹೋದ್ವಿ. ಇಲ್ಲಿ ವಯಸ್ಸಾದವರಿಗೆ ಒಳ್ಳೇದೇನಂದ್ರೆ ಗುಡ್ಡ ಇಳಿಯೋದು, ಕಲ್ಲು ಹತ್ತೋದು ಏನಿಲ್ಲ, ಊರಿಗೆ ತಾಗಿಕೊಂಡೇ ಮರಳು. ಆಯಿನ ಗಾಳಿಮರದ ನೆರಳಲ್ಲಿ ಕೂರಿಸಿ ಮೊದಲು ಮಕ್ಕಳಿಗೆ ಅಲ್ಲೇ ಇರೋ ಚಪಲ್ ಯುದ್ಧನೌಕೆ ಮ್ಯೂಸಿಯಂ ತೋರಿಸಿದ್ವಿ. ನೌಕಾಪಡೆಯಿಂದ ನಿವೃತ್ತಿ ಆದ ಕ್ಷಿಪಣಿ ನೌಕೆ ಅದು, ದಡಕ್ಕೆ ತಂದು ನಿಲ್ಲಿಸಿದ್ದಾರೆ. ಒಳಗೆ ಜಾಗ ಇಕ್ಕಟ್ಟು, ಏಣಿಮೆಟ್ಟಿಲು, ಮಧ್ಯಾಹ್ನ ಹೋದ್ರೆ ಕಬ್ಬಿಣ ಕಾದು ಉಸಿರು ಕಟ್ಟಿದಂಗಾಗ್ತದೆ, ಬಿಸಿಲು ಇಳಿದ ಮೇಲೆ ಹೋಗಿ. ಮೊಣಕಾಲು ನೋವಿರೋರನ್ನ ಒಳಗೆ ಕರ್ಕೊಂಡು ಹೋಗ್ಬೇಡಿ.

ಜನವರೀಲಿ ಸೂರ್ಯ ಆರೂಕಾಲರ ಸುಮಾರಿಗೆ ಮುಳುಗ್ತಾನೆ. ಕಾರವಾರದ ಸಮುದ್ರ ನಮ್ಮ ಕುಮಟಾ, ಗೋಕರ್ಣದ ಹಂಗೆ ಬರೀ ಬಯಲು ನೀರಲ್ಲ, ಎದುರಿಗೆ ಕೂರ್ಮಗಡ ದ್ವೀಪ, ಬಲಕ್ಕೆ ಕಾಳಿ ನದಿ ಬಂದು ಸೇರೋ ಜಾಗ, ಅದರಾಚೆ ಸದಾಶಿವಗಡದ ಗುಡ್ಡ. ರವೀಂದ್ರನಾಥ ಟ್ಯಾಗೋರರ ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಡ್ಜ್ ಆಗಿದ್ರು, ಭಾರತೀಯರಲ್ಲಿ ಮೊದಲ ಐಸಿಎಸ್ ಅಧಿಕಾರಿ ಅವರು. ಅಣ್ಣನ ಮನೆಗೆ ಬಂದಾಗ ರವೀಂದ್ರರಿಗೆ ಇಪ್ಪತ್ತರ ಮೇಲೆ ಒಂದೋ ಎರಡೋ ವರ್ಷ, ಬೆಳದಿಂಗಳ ರಾತ್ರೀಲಿ ದೋಣಿ ಮೇಲೆ ಕಾಳಿ ನದೀಲಿ ಹೋಗಿದ್ದನ್ನ ಮುಂದೆ ನೆನಪು ಮಾಡ್ಕೊಂಡು ಬರೆದಿದ್ದಾರೆ. ಇದನ್ನ ಮಗಳಿಗೆ ಹೇಳ್ತಾ ಕೂತಿದ್ದಾಗ ಆಯಿ ಸುಮ್ನೆ ಕೇಳ್ತಾ ಇದ್ದವಳು, "ಇಷ್ಟು ಹತ್ರ ಇದ್ದು, ಒಂದಿನಾನೂ ಬಂದು ಕೂತಿದ್ವಿಲ್ಲೆ" ಅಂದ್ಲು. ಏಳೂವರೆ ತನಕ ಏಳ್ಲೇ ಇಲ್ಲ ನಾವು.

ಊಟದ ಬಗ್ಗೆ. ಗೆಳತಿಗೆ ಹಬ್ಬ, ಬಂಗಡೆ ರವಾ ಫ್ರೈ, ತಿಸ್ರೆ (ಚಿಪ್ಪಿಮೀನು) ಸುಕ್ಕಾ, ಮರುದಿನ ಇಸ್ವಾಣ (ಅಂಜಲ್ ಮೀನು), ಎಲ್ಲಾ ಥಾಲಿ ಜೊತೆ ಸೋಲ್‌ಕಡಿ. ಸೋಲ್‌ಕಡಿ ಅಂದ್ರೆ ನಮ್ಮ ಶಿರಸಿ ಕಡೆ ಮುರುಗಲು ಅಂತೀವಲ್ಲ, ಅದರ ಸಿಪ್ಪೆ ನೆನೆಸಿದ ನೀರಿಗೆ ಕಾಯಿಹಾಲು ಸೇರಿಸಿ ಮಾಡೋದು, ಅದು ನಮಗೂ ನಡೀತು, ಆಯಿ ಎರಡು ಲೋಟ ಕುಡಿದ್ಲು. ಪೂರ್ತಿ ಸಸ್ಯಾಹಾರಿಗಳಾದ್ರೆ ಮೀನಿನ ಹೋಟೆಲಲ್ಲಿ ವೆಜ್ ಊಟ ಇದೆ ಅಂದ ತಕ್ಷಣ ಕೂರ್ಬೇಡಿ, ಎಣ್ಣೆ, ಕಾವಲಿ ಬೇರೆ ಇದ್ಯಾ ಕೇಳಿ, ಅವರು ಬೇಜಾರು ಮಾಡ್ಕೊಳ್ಳಲ್ಲ. ನಾವು ಬೆಳಿಗ್ಗೆ, ರಾತ್ರಿ ಎಲ್ಲರೂ ವೆಜ್ ಹೋಟೆಲಲ್ಲಿ ಒಟ್ಟಿಗೆ, ಮಧ್ಯಾಹ್ನ ಮಾತ್ರ ಬೇರೆ ಬೇರೆ ಅಂತ ಮಾಡ್ಕೊಂಡಿದ್ವಿ, ಯಾರಿಗೂ ಮನಸ್ತಾಪ ಆಗ್ಲಿಲ್ಲ. ಒಂದು ವಿಷಯ ನೆನಪಿಟ್ಕೊಳ್ಳಿ, ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆ ಬಂದ್, ಮೀನಿಗೋಸ್ಕರಾನೇ ಬರೋರು ಆಗ ಬರ್ಬೇಡಿ.

ಎರಡನೇ ದಿನ ದೋಣೀಲಿ ಕಾಳಿ ನದಿ ದಾಟಿ ದೇವಬಾಗ್ ಬೀಚಿಗೆ. ಇದನ್ನ ಸ್ವಲ್ಪ ವಿವರವಾಗಿ ಬರೀತೀನಿ, ಯಾಕಂದ್ರೆ ಎಲ್ಲಕ್ಕಿಂತ ಮುಖ್ಯ ಇದೇ. ನಾವು ಮಾತಾಡಿದ ಮೊದಲನೇ ದೋಣೀಲಿ ದೊಡ್ಡವರ ಸೈಜಿನ ಲೈಫ್ ಜಾಕೆಟ್ ಇತ್ತು, ಮಕ್ಕಳದ್ದು ಇರ್ಲಿಲ್ಲ. "ಹತ್ತು ನಿಮಿಷದ ದಾರಿ, ನೀರು ಶಾಂತ ಉಂಟು, ಏನೂ ಆಗೂದಿಲ್ಲ" ಅಂದ ದೋಣಿಯವನು. ಮಗಳಿಗೆ ದೊಡ್ಡವರ ಜಾಕೆಟ್ ಹಾಕಿ ನೋಡಿದ್ರೆ ಕುತ್ತಿಗೆಯಿಂದ ಮೇಲಕ್ಕೆ ಜಾರಿ ಕಿವಿ ತನಕ ಬರ್ತಿತ್ತು, ನೀರಿಗೆ ಬಿದ್ರೆ ಜಾಕೆಟ್ ತೇಲಿ ಮಗು ಕೆಳಗೆ ಹೋಗೋ ಹಾಗೆ. ನಾನು ಹತ್ತಲ್ಲ ಅಂದೆ. ಗೆಳತಿಗೂ ಸ್ವಲ್ಪ ಕಿರಿಕಿರಿ ಆಯ್ತು, ಬಿಸಿಲು ಏರ್ತಾ ಇತ್ತು, ಹಿಂದೆ ಜನ ಕಾಯ್ತಿದ್ರು, ಆದ್ರೂ ನಾನು ಬಿಡ್ಲಿಲ್ಲ. 2019ರ ಜನವರೀಲಿ ಇದೇ ಕಾರವಾರದಲ್ಲಿ ಕೂರ್ಮಗಡದ ನರಸಿಂಹ ದೇವರ ಜಾತ್ರೆ ಮುಗಿಸಿ ವಾಪಸ್ ಬರ್ತಿದ್ದ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಜನ ಹೋದ್ರು, ಮಕ್ಕಳೂ ಇದ್ರು ಅದ್ರಲ್ಲಿ. ಆ ವಾರ ಇಡೀ ಜಿಲ್ಲೇಲಿ ಬೇರೆ ಮಾತೇ ಇರ್ಲಿಲ್ಲ, ನಂಗೆ ಇವತ್ತಿಗೂ ಮರ್ತಿಲ್ಲ. ಮುಕ್ಕಾಲು ತಾಸು ಕಾದ ಮೇಲೆ ಇನ್ನೊಂದು ದೋಣೀಲಿ ಸಣ್ಣ ಜಾಕೆಟ್ ಸಿಕ್ತು, ಬೆಲ್ಟ್ ಬಿಗಿದು ಕಟ್ಟಿ, ಭುಜದ ಹತ್ರ ಹಿಡಿದು ಮೇಲಕ್ಕೆ ಎಳೆದು ನೋಡಿ, ಜಾರಲ್ಲ ಅಂತ ಖಾತ್ರಿ ಮಾಡ್ಕೊಂಡೇ ಹತ್ತಿದ್ವಿ. ನೀವೂ ಹೀಗೇ ಎಳೆದು ನೋಡಿ. ಜನ ಜಾಸ್ತಿ ತುಂಬಿದ್ರೆ ಇಳಿದುಬಿಡಿ. ದುಡ್ಡಿನ ಮಾತು ಹೋಗಿ ಬರೋದು ಎರಡಕ್ಕೂ ಸೇರಿ ಮೊದಲೇ ಆಡ್ಕೊಳ್ಳಿ, ವಾಪಸ್ ಎಷ್ಟೊತ್ತಿಗೆ ಬರ್ತಾನೆ ಅಂತಾನೂ ಕೇಳಿ ನಂಬರ್ ತಗೊಳ್ಳಿ.

ದೇವಬಾಗ್ ಮಾತ್ರ ಸ್ವರ್ಗ. ಒಂದು ಕಡೆ ನದಿ, ಒಂದು ಕಡೆ ಸಮುದ್ರ, ಮಧ್ಯೆ ಉದ್ದಕ್ಕೆ ಗಾಳಿಮರದ ತೋಪು. ಮಕ್ಕಳು ಅಲ್ಲಿ ಚಿಪ್ಪು ಆರಿಸ್ತಾ ಎರಡು ತಾಸು ಕಳೆದ್ರು, ಮೊಬೈಲ್ ಕೇಳ್ಲೇ ಇಲ್ಲ. ನದಿ ಸಮುದ್ರ ಸೇರೋ ಮೂಲೆಯಲ್ಲಿ ಮಾತ್ರ ನೀರಿಗೆ ಇಳೀಬೇಡಿ, ಮೇಲಿಂದ ಸುಮ್ನಿದ್ದಂಗೆ ಕಾಣ್ತದೆ, ಒಳಗಿನ ಸೆಳೆತ ಬಲವಾಗಿರ್ತದೆ. ತಿಂಡಿ, ನೀರು ಕಾರವಾರದಿಂದಾನೇ ತಗೊಂಡು ಹೋಗಿ, ಕವರ್ ವಾಪಸ್ ತನ್ನಿ.

ಸಂಜೆ ಆಟೋ ಮಾಡ್ಕೊಂಡು ಸದಾಶಿವಗಡ. ನಮಗೆ ಶಿರಸಿಯವರಿಗೆ ಇದೊಂದು ಸಂಬಂಧದ ಜಾಗ, ನಮ್ಮ ಶಿರಸಿ ಹತ್ರದ ಸೋದೆಯ ಅರಸರು ಕಟ್ಟಿಸಿದ ಕೋಟೆ, ಬಸವಲಿಂಗ ಅರಸ ತನ್ನ ತಂದೆ ಸದಾಶಿವರ ಹೆಸರನ್ನ ಇದಕ್ಕೆ ಇಟ್ಟಿದ್ದು. ಸೋದೆ ಮಠಕ್ಕೆ ವರ್ಷಕ್ಕೆ ನಾಕು ಸಲ ಹೋಗೋ ಆಯಿಗೆ ಇದು ಗೊತ್ತೇ ಇರ್ಲಿಲ್ಲ, ಗುಡ್ಡದ ಮೇಲಿಂದ ಕಾಳಿ ನೋಡ್ತಾ, ನಮ್ಮ ಸೋದೆಯವರು ಇಲ್ಲೀತನಕ ಬಂದಿದ್ರಾ ಅಂತ ಎರಡೆರಡು ಸಲ ಕೇಳಿದ್ಲು. ಕೋಟೆ ಅಂತ ಉಳಿದಿರೋದು ಕಡಿಮೆ, ನೋಟಕ್ಕೆ ಹೋಗ್ಬೇಕು. ಕಾಳಿ ಮೇಲಿನ ಹಳೇ ಸೇತುವೆ 2024ರ ಆಗಸ್ಟಲ್ಲಿ ಕುಸಿದು ಬಿತ್ತಲ್ಲ, ಆಮೇಲೆ ಹೊಸ ಸೇತುವೆ ಮೇಲೇ ಎರಡೂ ಕಡೆ ಓಡಾಟ, ಸಂಜೆ ಹೊತ್ತು ನಿಧಾನ ಆಗ್ತದೆ, ಆ ಟೈಮ್ ಇಟ್ಕೊಂಡು ಹೊರಡಿ. ಇನ್ನೊಂದು, ಕಾರವಾರದಿಂದ ದಕ್ಷಿಣಕ್ಕೆ ಬಿಣಗಾ, ಅರಗಾ ಕಡೆ ಹೈವೇ ಪಕ್ಕಾನೇ ಸೀಬರ್ಡ್ ನೌಕಾನೆಲೆ. ಬಸ್ಸಿಂದ ಸುಂದರವಾಗಿ ಕಾಣ್ತದೆ ಅಂತ ಅಲ್ಲಿ ಫೋಟೋ, ವಿಡಿಯೋ ತೆಗೀಬೇಡಿ, ನಿಷೇಧ ಇದೆ.

ಮೂರನೇ ದಿನ ಬೆಳಿಗ್ಗೆ ಬೇಗ ರೂಮ್ ಬಿಟ್ಟು ಅಂಕೋಲಾ ಮೇಲೆ ಗೋಕರ್ಣ. ಇಲ್ಲಿ ನನ್ನ ಪ್ಲಾನ್ ಸರಿ ಇರ್ಲಿಲ್ಲ. ಮೊದಲು ಓಂ ಬೀಚಿಗೆ ಹೋದ್ವಿ, ಲಗೇಜ್ ಸಮೇತ. ಆಟೋ ನಿಲ್ಲೋ ಜಾಗದಿಂದ ಕೆಳಗೆ ಮೆಟ್ಟಿಲಿಳಿದು ಹೋಗ್ಬೇಕು ಅನ್ನೋದು ನಂಗೆ ನೆನಪೇ ಇರ್ಲಿಲ್ಲ, ಕಾಲೇಜಲ್ಲಿದ್ದಾಗ ಓಡಿ ಇಳಿದಿದ್ದೆ, ಲೆಕ್ಕಕ್ಕೆ ಬರ್ಲಿಲ್ಲ. "ಯಂಗೆ ಆಗ್ತಿಲ್ಲೆ ಕೂಸೇ, ನಿಂಗ ಹೋಗ್ಬನ್ನಿ, ಆನು ಇಲ್ಲೇ ಕೂತ್ಕತ್ತಿ" ಅಂತ ಆಯಿ ಬ್ಯಾಗು ಇಟ್ಕೊಂಡು ಮೇಲೇ ಕೂತ್ಲು. ನಾನು ಅವಳ ಜೊತೆ ಉಳ್ಕೊಂಡೆ, ಗೆಳತಿ ಮಕ್ಕಳನ್ನ ಕರ್ಕೊಂಡು ಇಳಿದು ಬಂದ್ಲು. ವಯಸ್ಸಾದವರಿದ್ರೆ ಓಂ, ಕುಡ್ಲೆ ಬಿಟ್ಟುಬಿಡಿ, ದೇವಸ್ಥಾನದ ಹತ್ರ ಇರೋ ದೊಡ್ಡ ಬೀಚೇ ಸಾಕು, ನಡೆದ್ರೆ ಐದು ನಿಮಿಷ. ಗೋಕರ್ಣದ ಸಮುದ್ರ ಕಾರವಾರದಷ್ಟು ಸಮಾಧಾನದ್ದಲ್ಲ, ಪ್ರತಿ ವರ್ಷ ಹೊರಗಿಂದ ಬಂದ ಹುಡುಗರು ಮುಳುಗಿದ ಸುದ್ದಿ ಓದ್ತೀವಿ, ಲೈಫ್‌ಗಾರ್ಡ್ ಸೀಟಿ ಹೊಡೆದ್ರೆ ವಾದ ಮಾಡ್ದೆ ಈಚೆ ಬನ್ನಿ. ಮಹಾಬಲೇಶ್ವರ ದೇವಸ್ಥಾನಕ್ಕೆ ಗಂಡಸರು ಅಂಗಿ ತೆಗೀಬೇಕು, ಪಂಚೆ ಇಟ್ಕೊಳ್ಳಿ, ಬೀಚಿನ ಬಟ್ಟೇಲಿ ಬಿಡಲ್ಲ. ಮೊದಲು ಗಣಪತಿ ನೋಡಿ ಆಮೇಲೆ ಮಹಾಬಲೇಶ್ವರ ಅನ್ನೋದು ಪದ್ಧತಿ.

ಮಳೆಗಾಲದಲ್ಲಿ ಬರ್ಬಹುದಾ ಅಂತ ತುಂಬಾ ಜನ ಕೇಳ್ತಾರೆ. ಹಸಿರು ನೋಡೋಕೆ ಶಿರಸಿಗೆ ಬನ್ನಿ, ಸಮುದ್ರಕ್ಕೆ ಅಂತ ಬರ್ಬೇಡಿ. ದೋಣಿ ಇರಲ್ಲ, ನೀರಿಗೆ ಇಳಿಯೋಕೆ ಬಿಡಲ್ಲ, ಗುಡ್ಡ ಕುಸಿಯೋ ಭಯ ಬೇರೆ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಹೈವೇ ಮೇಲೇ ಗುಡ್ಡ ಬಂದು ಗಂಗಾವಳಿ ಪಾಲಾದವರನ್ನ ಹುಡುಕೋಕೆ ಎಷ್ಟು ದಿನ ಬೇಕಾಯ್ತು ಅಂತ ಎಲ್ಲಾ ನೋಡಿದೀವಿ. ಈಗ್ಲೂ ಬಸ್ಸು ಅಲ್ಲಿ ಹಾಯೋವಾಗ ಒಳಗಿದ್ದವರು ಮಾತು ನಿಲ್ಲಿಸಿ ಆ ಗುಡ್ಡ ನೋಡ್ತಾರೆ. ನವೆಂಬರಿಂದ ಫೆಬ್ರವರಿ ಒಳ್ಳೇ ಕಾಲ, ಮಾರ್ಚ್ ಬಂದ್ರೆ ಸೆಖೆ.

ಹೊರಡೋವಾಗ ಗೋಕರ್ಣದ ಪೇಟೇಲಿ ಆಯಿ ಕೇಳಿದ್ದು ಒಂದೇ, ಸಾಣಿಕಟ್ಟಾ ಉಪ್ಪು. ಬರೋ ದಾರೀಲಿ ಉಪ್ಪಿನ ಗದ್ದೆ ನೋಡಿದಾಗಿಂದ ಅವಳ ತಲೇಲಿ ಅದೇ ಇತ್ತು, ಇನ್ನೊಂದೆರಡು ತಿಂಗಳಿಗೆ ಅಪ್ಪೆಮಿಡಿ ಬರ್ತದೆ, ಉಪ್ಪಿನಕಾಯಿಗೆ ಈ ಹರಳುಪ್ಪೇ ಆಗ್ಬೇಕು. ಐದು ಕೆಜಿ ತಗೊಂಡ್ವಿ. ಗೆಳತಿ ಒಣ ಶೆಟ್ಲಿ (ಸಿಗಡಿ) ಕಟ್ಟಿಸ್ಕೊಂಡು ಹುಬ್ಬಳ್ಳಿ ಬಸ್ ಹತ್ತಿದ್ಲು, ನಾವು ಕುಮಟಾಕ್ಕೆ ಬಂದು ಶಿರಸಿ ಬಸ್ ಹಿಡಿದ್ವಿ. ಕತ್ತಲಾದ ಮೇಲೆ ಕುಮಟಾದಿಂದ ಘಟ್ಟ ಹತ್ತೋ ಬಸ್ಸು ಕಮ್ಮಿ, ನಾಲ್ಕು ಗಂಟೆ ಒಳಗೆ ಕುಮಟಾ ಸ್ಟ್ಯಾಂಡಲ್ಲಿ ಇರೋ ಹಾಗೆ ನೋಡ್ಕೊಳ್ಳಿ. ಉಪ್ಪಿನ ಚೀಲ ಮಾತ್ರ ಬಸ್ಸಿನ ನೆಲಕ್ಕೆ ಇಡ್ಬೇಡಿ, ನೀರು ಬಿಡ್ತದೆ. ಆಯಿ ಘಟ್ಟ ಹತ್ತೋ ತನಕ ತೊಡೆ ಮೇಲೇ ಇಟ್ಕೊಂಡಿದ್ಲು.