ಓಡುತ್ತದಲ್ಲ, ಮತ್ತೆಂತ?

ಕಳೆದ ವಾರ ಕಟಪಾಡಿಯ ಬಳಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ವಿರುದ್ಧ ದಿಕ್ಕಿನಿಂದ ನುಗ್ಗಿ ಬಂದ ಪಿಕಪ್ ಒಂದು ನಮ್ಮ ಎಲೆಕ್ಟ್ರಿಕ್ ಕಾರಿನ ಎಡಬದಿಯನ್ನು ಉಜ್ಜಿಕೊಂಡು ಹೋಗಿ, ನಮ್ಮನ್ನು ಡಿವೈಡರ್ ಕಲ್ಲಿನ ಮೇಲಕ್ಕೆ ತಳ್ಳಿತು. (ಹೆದ್ದಾರಿಯಲ್ಲಿ ಹಾಗೆ ಬರುವುದನ್ನು ನಮ್ಮ ಊರಿನವರು ತಪ್ಪೆಂದೇ ಎಣಿಸುವುದಿಲ್ಲ.) ಯಾರಿಗೂ ಗಾಯವಾಗಲಿಲ್ಲ, ಏರ್‌ಬ್ಯಾಗ್ ತೆರೆದುಕೊಳ್ಳಲಿಲ್ಲ, ಕಾರು ಸದ್ದಿಲ್ಲದೆ ಕಲ್ಲಿನಿಂದ ಇಳಿಯಿತು.

ಮಂಗಳೂರಿನ ವರ್ಕ್‌ಶಾಪಿಗೆ ಬಂದ ವಿಮಾ ಸರ್ವೇಯರ್ ಜಜ್ಜಿದ ಬಾಗಿಲನ್ನೂ ಹಿಂಬದಿಯ ತಗಡನ್ನೂ ಫೋಟೊ ತೆಗೆದು, ಕಾರನ್ನು ಒಮ್ಮೆ ಮುಂದಕ್ಕೂ ಹಿಂದಕ್ಕೂ ಚಲಾಯಿಸಲು ಹೇಳಿ, "ಓಡುತ್ತದಲ್ಲ, ಮತ್ತೆಂತ?" ಎಂದರು. ಮಂಗಳೂರಿನ ಸರ್ಕಾರಿ ಪಾಲಿಟೆಕ್ನಿಕ್ ಕೆಪಿಟಿಯಲ್ಲಿ ಡಿಪ್ಲೊಮಾ ಮುಗಿಸಿ ಹೆಚ್ಚು ಕಾಲವಾಗಿರದ ಮೆಕ್ಯಾನಿಕ್ ಹುಡುಗ, ಕೈಯಲ್ಲಿ ರಬ್ಬರ್ ಗ್ಲೌಸ್ ಹಿಡಿದುಕೊಂಡೇ, "ಓಡುವುದನ್ನು ನೋಡಿ ನನಗೆ ಸಹಿ ಹಾಕಲಿಕ್ಕೆ ಆಗುವುದಿಲ್ಲ ಸರ್" ಎಂದ.

ಈ ಎರಡು ಮಾತುಗಳು ವಾರವಿಡೀ ನನ್ನ ಕಿವಿಯಲ್ಲಿವೆ. ಸರ್ವೇಯರ್ ಕೆಟ್ಟವರೇನಲ್ಲ, ಅವರು ಕಾರು ನೋಡಲು ಕಲಿತದ್ದು ಎಂಜಿನ್ನಿನ ಕಾಲದಲ್ಲಿ. ಅಪಘಾತವಾದ ಪೆಟ್ರೋಲ್ ಕಾರು ಸ್ಟಾರ್ಟ್ ಆಗಿ, ಎಣ್ಣೆ ಸೋರದೆ, ಸದ್ದು ಸರಿಯಾಗಿದ್ದರೆ ಅರ್ಧ ಕೆಲಸ ಮುಗಿಯುತ್ತಿತ್ತು. ಎಲೆಕ್ಟ್ರಿಕ್ ಕಾರಿನಲ್ಲಿ ನೂರಾರು ವೋಲ್ಟಿನ ಬ್ಯಾಟರಿ ನಮ್ಮ ಕಾಲಡಿಯಲ್ಲೇ, ನೆಲದ ತಗಡಿನ ಕೆಳಗೆ ಮಲಗಿರುತ್ತದೆ. ಅದರ ಪೆಟ್ಟಿಗೆ ತಗ್ಗಾದರೆ ಒಳಗಿನ ಸೆಲ್‌ಗಳಿಗೆ ಆದ ಪೆಟ್ಟು ಅಂದೇ ಗೊತ್ತಾಗಬೇಕೆಂದಿಲ್ಲ. ಅಂಚಿನ ಸೀಲ್ ಸಡಿಲಗೊಂಡಿದ್ದರೆ, ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಊರಿನಲ್ಲಿ ನೀರಿಗೆ ಬೇರೆ ಆಮಂತ್ರಣ ಬೇಕಿಲ್ಲ.

ಹುಡುಗ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಕಿತ್ತು, ಕೆಪಾಸಿಟರ್‌ಗಳಲ್ಲಿ ಉಳಿದ ವಿದ್ಯುತ್ ಇಳಿಯಲೆಂದು ಕೆಲವು ನಿಮಿಷ ಕಾದು, ಕಿತ್ತಳೆ ಬಣ್ಣದ ಕೇಬಲ್‌ಗಳಿಗೆ ಮೀಟರ್ ಹಿಡಿದು, ವಿದ್ಯುತ್ ಎಲ್ಲಾದರೂ ಸೋರುತ್ತಿದೆಯೇ ಎಂದು ಇನ್ಸುಲೇಷನ್ ಅಳೆದ. ಅಂಕಿ ಸರಿಯಾಗಿಯೇ ಬಂತು. ಸರ್ವೇಯರ್ ನಕ್ಕರು. ಅವನು ಕಾರನ್ನು ಲಿಫ್ಟಿನಲ್ಲಿ ಏರಿಸಿ ಟಾರ್ಚ್ ಬಿಟ್ಟು, ಬ್ಯಾಟರಿ ಪೆಟ್ಟಿಗೆಯ ಬಲ ಅಂಚಿನಲ್ಲಿ ಅಂಗೈಯಷ್ಟು ತಗ್ಗನ್ನು ತೋರಿಸಿದ. "ಇದು ಹಳೆಯದಿರಬಹುದು" ಎಂದರು ಅವರು. ತಗ್ಗಿನೊಳಗೆ ಡಿವೈಡರ್ ಕಲ್ಲಿಗೆ ಬಳಿಯುವ ಹಳದಿ ಬಣ್ಣ ಇನ್ನೂ ಹಸಿಹಸಿಯಾಗಿ ಅಂಟಿಕೊಂಡಿತ್ತು. ಹುಡುಗ ಏನೂ ಹೇಳದೆ ಟಾರ್ಚನ್ನು ಅಲ್ಲೇ ಹಿಡಿದುಕೊಂಡು ನಿಂತ. ತನಗಿಂತ ಹಿರಿಯರಾದ, ವರ್ಕ್‌ಶಾಪಿನ ಬಿಲ್ಲು ಪಾಸು ಮಾಡುವವರೊಬ್ಬರ ಮುಂದೆ ಹಾಗೆ ನಿಲ್ಲುವುದು ಸುಲಭವಲ್ಲ.

ನಮ್ಮ ಹಳೆಯ ಕಾರುಗಳನ್ನೆಲ್ಲ ನೋಡಿಕೊಂಡ ಊರಿನ ಗ್ಯಾರೇಜಿನವರಿಗೆ ಫೋನ್ ಮಾಡಿದಾಗ, "ಅದು ನನ್ನ ಕೈಗೆ ಕೊಡಬೇಡಿ ಮಾರಾಯ್ರೆ, ಅವ ಹೇಳಿದ ಹಾಗೆ ಕೇಳಿ" ಎಂದರು. ಕಿವಿಗೊಟ್ಟು ಎಂಜಿನ್ನಿನ ರೋಗ ಹೇಳುತ್ತಿದ್ದ ಅವರ ವಿದ್ಯೆಗೆ ಈ ಕಾರಿನಲ್ಲಿ ಕೇಳಿಸಿಕೊಳ್ಳಲು ಏನೂ ಇಲ್ಲವಲ್ಲ ಎಂದು ಬೇಸರವಾಯಿತು. ಆದರೆ ತನ್ನ ಅಳವನ್ನು ಹೀಗೆ ಒಪ್ಪಿಕೊಳ್ಳುವ ಅವರ ಗುಣ ಸರ್ವೇಯರರಲ್ಲಿ ಇದ್ದಿದ್ದರೆ ಎಂದೂ ಅನ್ನಿಸಿತು.

ಕೊನೆಗೆ ಸರ್ವೇಯರ್ ಹಳದಿ ಬಣ್ಣದ ಫೋಟೊ ತೆಗೆದುಕೊಂಡು, ಪೆಟ್ಟಿಗೆ ಬಿಚ್ಚಿ ನೋಡಲು ಒಪ್ಪಿಗೆ ಬರೆದುಕೊಟ್ಟರು. ಬಣ್ಣ ಒಣಗಿಸುವ ಬೂತಿನ ಬಿಸಿ ಬ್ಯಾಟರಿಗೆ ಆಗದಾದ್ದರಿಂದ, ತಗಡಿನ ಕೆಲಸಕ್ಕೂ ಅದನ್ನು ಹೇಗಿದ್ದರೂ ಇಳಿಸಲೇಬೇಕಿತ್ತಂತೆ. ಅದನ್ನು ಹುಡುಗ ಹೇಳಿದ್ದು ಸರ್ವೇಯರ್ ಹೋದ ಮೇಲೆ.